ಮುಂಬಯಿಯ ರಾತ್ರಿಶಾಲೆ ಮತ್ತು ಇಂಗ್ಲಿಷ್ ನಾಮಪದದ ವಿಭಕ್ತಿ

ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯಿಂದ ಮುಂಬಯಿಗೆ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗೆ ಫೋರ್ಟ್ ಭಾಗದ ಕನ್ನಡ ರಾತ್ರಿಶಾಲೆಗಳು ವಿದ್ಯೆಯ ಬಾಗಿಲು ತೆರೆದುವು. ಕನ್ನಡದ ಮೂಲಕ ಇಂಗ್ಲಿಷ್ ಕಲಿಯುವವನಿಗೆ ಅದರ ನಾಮಪದಗಳ ವಿಭಕ್ತಿನಿರ್ಣಯ ಸಹಜವಾಗಿಯೇ ತೊಡಕಿನದು.

‘ಮಾಲಕನು ಹುಡುಗನಿಗೆ ಪುಸ್ತಕವನ್ನು ಕೊಟ್ಟನು’ ಎಂಬಲ್ಲಿ ಪದಕ್ರಮ ಬದಲಾದರೂ ಪ್ರತ್ಯಯಗಳು ಅರ್ಥವನ್ನು ಕಾಯುತ್ತವೆ. ‘ದ ಓನರ್ ಗೇವ್ ದ ಬಾಯ್ ಎ ಬುಕ್’ ಎಂಬಲ್ಲಿ ಮೂರು ನಾಮಪದಗಳಿಗೂ ಪ್ರತ್ಯಯವಿಲ್ಲ. ಮೊದಲೆರಡು ಸ್ಥಾನ ಬದಲಿಸಿದರೆ ಕೊಟ್ಟವನೇ ಪಡೆದವನಾಗುತ್ತಾನೆ. ಪ್ರಾಚೀನ ಇಂಗ್ಲಿಷಿನಲ್ಲಿ ಪ್ರಥಮಾ, ದ್ವಿತೀಯಾ, ಚತುರ್ಥೀ, ಷಷ್ಠೀ ರೂಪಗಳಿದ್ದುವು. ಇಂದು ನಾಮಪದದಲ್ಲಿ ‘ಓನರ್ಸ್’ ಎಂಬಂಥ ಷಷ್ಠೀರೂಪ ಮಾತ್ರ ಉಳಿದಿದೆ.

ಈ ಸ್ಥಿತಿ ಕನ್ನಡಕ್ಕೆ ತೀರ ಅಪರಿಚಿತವಲ್ಲ. ‘ಪುಸ್ತಕ ಕೊಟ್ಟ’ ಎಂಬ ಆಡುಮಾತಿನಲ್ಲಿ ದ್ವಿತೀಯಾ ಪ್ರತ್ಯಯ ಲೋಪವಾದರೂ ಕರ್ಮ ಸ್ಪಷ್ಟವಾಗಿಯೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಏಳು ವಿಭಕ್ತಿಗಳನ್ನು ಹೇಳಿ, ಒಂದರ ಎಡೆಯಲ್ಲಿ ಇನ್ನೊಂದು ಬರುವ ಪಲ್ಲಟವನ್ನೂ ಗುರುತಿಸಿದ್ದಾನೆ. ವಿಭಕ್ತಿಯ ರೂಪ ಬೇರೆ, ಕಾರಕಸಂಬಂಧ ಬೇರೆ ಎಂಬ ವಿವೇಕವನ್ನು ನಾವು ಇದರಲ್ಲಿ ಕಾಣುತ್ತೇವೆ.

ಆದುದರಿಂದ ಏಳು ವಿಭಕ್ತಿಗಳ ಪಟ್ಟಿಯನ್ನು ಇಂಗ್ಲಿಷಿನ ಮೇಲೆ ಹೊರಿಸದೆ, ಕ್ರಿಯಾಪದವನ್ನು ಮುಂದಿಟ್ಟುಕೊಂಡು ‘ಯಾರು, ಯಾರಿಗೆ, ಏನನ್ನು’ ಎಂದು ಕೇಳಿಸುವುದೇ ಯೋಗ್ಯವೆಂದು ನಾವು ಭಾವಿಸುತ್ತೇವೆ. ದಣಿದು ಪಾಠಕ್ಕೆ ಬಂದ ಹುಡುಗನಿಗೆ ಆ ಮೂರು ಪ್ರಶ್ನೆಗಳು ಅವನ ಮನೆಮಾತಿನ ನೆರವಿನಿಂದಲೇ ದೊರೆಯುತ್ತವೆ.