ಕೊಯ್ಲು ಮುಗಿದ ಮೇಲಿನ ಬೆನ್ನು: ಘಟ್ಟದ ಅಡಿಕೆ ಸೀಮೆಯಲ್ಲಿ ಶಸ್ತ್ರಚಿಕಿತ್ಸೆಯ ಪೂರ್ವಸಿದ್ಧತೆ

ಶಿರಸಿ ತಾಲ್ಲೂಕಿನ ಮತ್ತಿಘಟ್ಟದಂಥ ಘಟ್ಟದಂಚಿನ ಊರುಗಳಲ್ಲಿ ಬೆನ್ನಿನ ಆಪರೇಷನ್ನಿನ ದಿನವನ್ನು ವೈದ್ಯರಿಗಿಂತ ಮೊದಲು ಅಡಿಕೆ ನಿಗದಿ ಮಾಡುತ್ತದೆ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮದ್ದು ಹೊಡೆಸಬೇಕು, ಆಷಾಢದ ಹೊಳವಿನಲ್ಲಿ ಎರಡನೆಯ ಸಲ ಹೊಡೆಸಬೇಕು. ದೀಪಾವಳಿ ಕಳೆದರೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಬೇಸಿಗೆಯಲ್ಲಿ ಗೊಬ್ಬರ, ದರಕು, ಸೊಪ್ಪು. ಕಾಲಿಗೆ ಇಳಿಯುವ ನೋವನ್ನು ವರ್ಷಗಟ್ಟಲೆ ಹೊತ್ತವರು ಇಲ್ಲಿ ಸಾಮಾನ್ಯವಾಗಿ ಹೇಳುವ ಮಾತು ಒಂದೇ: ‘ಕೊಯ್ಲು ಮುಗೀಲಿ, ಆಮೇಲೆ ನೋಡನ.’ ಇದನ್ನು ಉದಾಸೀನವೆಂದು ಬರೆದುಕೊಳ್ಳುವ ವೈದ್ಯರಿದ್ದಾರೆ. ಈ ಲೇಖನದ ವಾದ ಬೇರೆ. ಕಾಯುವ ಆ ಅವಧಿಯೇ ಶಸ್ತ್ರಚಿಕಿತ್ಸೆಯ ಫಲವನ್ನು ಬಹುಮಟ್ಟಿಗೆ ನಿರ್ಧರಿಸುವ ಕಾಲ. ಅದು ಈಗ ಖಾಲಿ ಹೋಗುತ್ತಿದೆ.

ಅಡಿಕೆ ತೋಟದ ಕೆಲಸ ಬೆನ್ನಿನ ಮೇಲೆ ಎರಡು ಬಗೆಯಲ್ಲಿ ಎರಗುತ್ತದೆ. ಮೊದಲನೆಯದು ನಿಧಾನದ್ದು. ಮೆಟ್ಟುಗತ್ತಿಯ ಮುಂದೆ ಬೆನ್ನು ಬಾಗಿಸಿ ರಾತ್ರಿಯವರೆಗೆ ಅಡಿಕೆ ಸುಲಿಯುವ ಹೆಂಗಸರು, ಸೊಪ್ಪಿನಬೆಟ್ಟದಿಂದ ತಲೆಹೊರೆ ಇಳಿಸುವವರು, ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಹಾಲು ಕರೆಯುವವರು ಇದಕ್ಕೆ ಸಿಕ್ಕವರು. ಎರಡನೆಯದು ಕ್ಷಣಾರ್ಧದ್ದು. ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬಿದ್ದರೆ ಬೆನ್ನೆಲುಬಿನ ಕಶೇರು ಮುರಿಯುತ್ತದೆ, ಕೆಲವೊಮ್ಮೆ ಬೆನ್ನುಹುರಿಯೂ ಜಜ್ಜಿಹೋಗುತ್ತದೆ. ಅಲ್ಲಿ ಪೂರ್ವಸಿದ್ಧತೆಗೆ ಸಮಯವೇ ಇಲ್ಲ. ಬಿದ್ದವನನ್ನು ಕೂರಿಸದೆ, ಕತ್ತು ಬೆನ್ನು ಮಡಚದೆ, ಹಲಗೆಯ ಮೇಲೆ ಮಲಗಿಸಿ ಸಾಗಿಸುವುದೇ ಸಿದ್ಧತೆ. ದಕ್ಷಿಣ ಕನ್ನಡದಲ್ಲಿ ಇಂಥವರಿಗಾಗಿಯೇ ಕನ್ಯಾಡಿಯ ಸೇವಾಭಾರತಿ ಸಂಸ್ಥೆ ಸೌತಡ್ಕದಲ್ಲಿ ‘ಸೇವಾಧಾಮ’ ಪುನಶ್ಚೇತನ ಕೇಂದ್ರ ನಡೆಸುತ್ತಿದೆ. ಬೀಳುವುದನ್ನೇ ತಪ್ಪಿಸಲು ಬಂಟ್ವಾಳದ ಕೃಷಿಕ ಗಣಪತಿ ಭಟ್ಟರು ಮರ ಹತ್ತುವ ಬೈಕನ್ನೇ ತಯಾರಿಸಿದರು. ನೆಲದಲ್ಲೇ ನಿಂತು ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಈಗ ಘಟ್ಟದ ಮೇಲೂ ಬಂದಿದೆ. ಬೀಳುವ ಭಯ ತಪ್ಪಿತು, ದಿನವಿಡೀ ಮೇಲೆ ನೋಡುವ ಕತ್ತಿನ ಪಾಡು ಬೇರೆ. ಇಲ್ಲಿಯ ಚರ್ಚೆ ಮೊದಲ ಬಗೆಯ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಬಿಡದ ನೋವಿನದು.

ನೋವಿನ ಮೂಲ ಯಾವುದು ಎಂಬ ಪ್ರಶ್ನೆಯೇ ಮೊದಲ ಸಿದ್ಧತೆ. 1934ರಲ್ಲಿ ಬೋಸ್ಟನ್ನಿನ ಮಿಕ್ಸ್ಟರ್ ಮತ್ತು ಬಾರ್ ಎಂಬ ಇಬ್ಬರು ಶಸ್ತ್ರವೈದ್ಯರು, ಜಾರಿದ ಡಿಸ್ಕ್ ನರವನ್ನು ಒತ್ತುವುದರಿಂದ ಕಾಲಿನ ನೋವು ಬರುತ್ತದೆಂದು ತೋರಿಸಿದರು. ಅಂದಿನಿಂದ ಡಿಸ್ಕ್ ಬೆನ್ನುನೋವಿನ ಮುಖ್ಯ ಆರೋಪಿಯಾಯಿತು. ಎಂ.ಆರ್.ಐ. ಬಂದ ಮೇಲಂತೂ ‘ಗ್ಯಾಪ್ ಬಂದಿದೆ’, ‘ಎಲುಬು ಸವೆದಿದೆ’ ಎಂಬ ವರದಿಯಿಲ್ಲದ ಮನೆ ಅಪರೂಪ. 2015ರಲ್ಲಿ ಪ್ರಕಟವಾದ ಬ್ರಿಂಜಿಕ್ಜಿ ಮತ್ತು ಸಂಗಡಿಗರ ಸಮೀಕ್ಷೆ ಯಾವ ನೋವೂ ಇಲ್ಲದ 3,110 ಜನರ ಚಿತ್ರಗಳನ್ನು ಒಟ್ಟುಗೂಡಿಸಿತು. ಇಪ್ಪತ್ತರ ಹರೆಯದಲ್ಲಿಯೇ ಶೇ. 37ರಷ್ಟು ಜನರ ಡಿಸ್ಕ್ ಸವೆದಿತ್ತು, ಎಂಬತ್ತರಲ್ಲಿ ಶೇ. 96. ಅಂದರೆ ಫಿಲ್ಮಿನಲ್ಲಿ ಕಂಡದ್ದೆಲ್ಲ ನೋವಿನ ಕಾರಣವಲ್ಲ. ರೋಗಿ ತೋರಿಸುವ ಕಾಲಿನ ಗೆರೆ, ಪರೀಕ್ಷೆಯಲ್ಲಿ ಸಿಗುವ ನರದ ದೌರ್ಬಲ್ಯ, ಚಿತ್ರದಲ್ಲಿ ಕಾಣುವ ಒತ್ತಡ ಈ ಮೂರೂ ಒಂದೇ ಜಾಗವನ್ನು ಹೇಳಬೇಕು. ಹೇಳದಿದ್ದರೆ ಕತ್ತಿ ಎತ್ತುವುದಕ್ಕೆ ಅವಸರವಿಲ್ಲ.

ದನಕರುಗಳ ಜೊತೆ ಬಾಳುವ ಸೀಮೆಯಲ್ಲಿ ಇನ್ನೊಂದು ಎಚ್ಚರ ಬೇಕು. ಬ್ರುಸೆಲ್ಲಾ ಎಂಬ ಜಾನುವಾರಿನ ಸೋಂಕು ಹಸಿ ಹಾಲಿನಿಂದಲೋ, ಕಂದು ಹಾಕಿದ ದನದ ಮಾಸು ತೆಗೆಯುವಾಗಲೋ ಮನುಷ್ಯರಿಗೆ ದಾಟಿ ಬೆನ್ನೆಲುಬಿನಲ್ಲಿ ನೆಲೆಸಬಲ್ಲದು. ಕ್ಷಯವೂ ಅಷ್ಟೆ. ರಾತ್ರಿ ಹೆಚ್ಚುವ ನೋವು, ಸಂಜೆಯ ಜ್ವರ, ಇಳಿಯುವ ತೂಕ ಇದ್ದವರಿಗೆ ಮೊದಲು ಬೇಕಾದದ್ದು ರಕ್ತಪರೀಕ್ಷೆ, ಸೋಂಕು ಖಚಿತವಾದರೆ ತಿಂಗಳುಗಟ್ಟಲೆ ಔಷಧ. ಬೆನ್ನಿನ ಕ್ಷಯದ ಬಹುಪಾಲು ರೋಗಿಗಳು ಸರ್ಕಾರ ಉಚಿತವಾಗಿ ಕೊಡುವ ಮಾತ್ರೆಯಲ್ಲೇ ಗುಣವಾಗುತ್ತಾರೆ.

ಹಾಗಾದರೆ ಕೊಯ್ಲು ಮುಗಿಯುವವರೆಗೆ ಕಾಯುವುದು ತಪ್ಪೇ? ನೆದರ್ಲೆಂಡ್ಸಿನ ಲೈಡನ್ ಮತ್ತು ಹೇಗ್ ನಗರಗಳ ವೈದ್ಯರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಹತ್ತಿರದ ಉತ್ತರ ಕೊಡುತ್ತದೆ. ಆರರಿಂದ ಹನ್ನೆರಡು ವಾರ ತೀವ್ರ ಕಾಲುನೋವು ಅನುಭವಿಸಿದ 283 ಜನರಲ್ಲಿ ಅರ್ಧದಷ್ಟು ಮಂದಿಗೆ ಬೇಗ ಶಸ್ತ್ರಚಿಕಿತ್ಸೆ, ಉಳಿದವರಿಗೆ ಔಷಧ ಮತ್ತು ಕಾಯುವಿಕೆ. ಬೇಗ ಮಾಡಿಸಿಕೊಂಡವರ ನೋವು ಬೇಗ ಇಳಿಯಿತು. ಕಾದವರಲ್ಲಿ ಶೇ. 39 ಮಂದಿ ಕೊನೆಗೂ ಶಸ್ತ್ರಚಿಕಿತ್ಸೆಗೆ ಹೋದರು. ವರ್ಷ ತುಂಬುವ ಹೊತ್ತಿಗೆ ಎರಡೂ ಗುಂಪಿನಲ್ಲಿ ಶೇ. 95ರಷ್ಟು ಜನ ಚೇತರಿಸಿಕೊಂಡಿದ್ದರು. ಇದು ವರ್ಷಗಟ್ಟಲೆಯ ನೋವಿನ ಅಧ್ಯಯನವಲ್ಲ, ಆದರೂ ಕಾಯುವ ಅಡಿಕೆ ಬೆಳೆಗಾರ ಮೂರ್ಖನಲ್ಲ ಎನ್ನಲು ಇಷ್ಟು ಸಾಕು. ಅವನು ಕೊಡುತ್ತಿರುವ ಬೆಲೆ ಆ ತಿಂಗಳುಗಳ ನೋವು ಎಂಬುದನ್ನು ಮಾತ್ರ ಅವನಿಗೆ ಯಾರಾದರೂ ಸ್ಪಷ್ಟವಾಗಿ ಹೇಳಬೇಕು.

ಕಾಯಬಾರದ ಲಕ್ಷಣಗಳೂ ಇವೆ. ಮೂತ್ರ ಕಟ್ಟಿಕೊಳ್ಳುವುದು ಅಥವಾ ಅರಿವಿಲ್ಲದೆ ಹೋಗುವುದು, ತೊಡೆಸಂದು ಮತ್ತು ಗುದದ ಸುತ್ತ ಮರಗಟ್ಟುವುದು, ಪಾದ ದಿನದಿಂದ ದಿನಕ್ಕೆ ಸೋಲುವುದು. ಇವು ಕಂಡರೆ ಲೆಕ್ಕ ಗಂಟೆಗಳದು. ಆಗ ತೋಟವೂ ಇಲ್ಲ, ಮದ್ದೂ ಇಲ್ಲ. ಕಾಲು ಸೋತರೆ ಲಕ್ವಾಕ್ಕೆ ಹೆಸರಾದ ಅಂಕೋಲೆಯ ಬೆಳಂಬಾರದ ನಾಟಿ ಔಷಧಕ್ಕೆ ಹೊರಡುವ ರೂಢಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಗಟ್ಟಿಯಾಗಿದೆ. ಈ ಒಂದು ಸ್ಥಿತಿಯಲ್ಲಿ ಆ ದಾರಿ ಹಿಡಿದರೆ ಕಳೆದುಕೊಳ್ಳುವ ಗಂಟೆಗಳು ಮರಳುವುದಿಲ್ಲ.

ಕಾಯುವ ಅವಧಿಯಲ್ಲಿ ಏನು ಮಾಡಬೇಕು ಎಂಬಲ್ಲಿಗೆ ಬಂದರೆ, ಈ ಸೀಮೆಗೆ ವಿಶಿಷ್ಟವಾದ ಸಂಗತಿ ಕವಳ. ಎಲೆ, ಅಡಿಕೆ, ಸುಣ್ಣ, ತಂಬಾಕು ಸೇರಿದ ಕವಳದ ಬಟ್ಟಲು ಜಗಲಿಯಲ್ಲಿ ಇಲ್ಲದ ಮನೆಯಿಲ್ಲ. ನೋವಿದ್ದವರು ಇನ್ನೂ ಹೆಚ್ಚು ಹಾಕುತ್ತಾರೆ, ಹೊತ್ತು ಹೋಗಬೇಕಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ. ಗಾಯ ಮಾಯುವುದೂ ಎಲುಬು ಕೂಡುವುದೂ ನಿಧಾನವಾಗುತ್ತದೆ. ಕಶೇರುಗಳನ್ನು ಬೆಸೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 357 ಜನರ ಮೇಲೆ ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಧೂಮಪಾನ ಮಾಡದವರಲ್ಲಿ ಶೇ. 14ರಷ್ಟು ಮಂದಿಗೆ ಎಲುಬು ಕೂಡಲಿಲ್ಲ. ಸೇದುತ್ತಲೇ ಇದ್ದವರಲ್ಲಿ ಆ ಪ್ರಮಾಣ ಶೇ. 26 ದಾಟಿತ್ತು. ‘ನಾನು ಬೀಡಿ ಸೇದುವುದಿಲ್ಲ’ ಎಂದು ವೈದ್ಯರಿಗೆ ಹೇಳುವ ಕವಳಗಾರ ಸುಳ್ಳು ಹೇಳುತ್ತಿಲ್ಲ, ಆದರೆ ನಿಕೋಟಿನ್ ರಕ್ತಕ್ಕೆ ಹೋಗುವುದು ಬಾಯಿಯಿಂದಲೂ ಹೌದು. ಪ್ರಶ್ನೆ ಕೇಳುವವರೇ ‘ಸ್ಮೋಕಿಂಗ್’ ಎಂದು ಕೇಳಿ ಸುಮ್ಮನಾಗುತ್ತಾರೆ.

ಇದಕ್ಕಿಂತ ಗಂಭೀರವಾದದ್ದು ಅಡಿಕೆಯದೇ ಕೆಲಸ. ವರ್ಷಗಟ್ಟಲೆ ಅಡಿಕೆ ಜಗಿದವರಲ್ಲಿ ಕೆಲವರ ಕೆನ್ನೆಯ ಒಳಪದರ ನಾರುಗಟ್ಟಿ ಬಾಯಿ ತೆರೆಯುವುದು ಕಿರಿದಾಗುತ್ತದೆ. 1952ರಲ್ಲಿ ಶ್ವಾರ್ಟ್ಜ್ ಎಂಬ ವೈದ್ಯ ಕೀನ್ಯಾದ ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿದ್ದ. ಕ್ಯಾನ್ಸರಿನ ಭಯದ ಮಾತಲ್ಲಿ ಇದನ್ನು ಕೇಳಿರುವ ಬೆಳೆಗಾರ, ಬೆನ್ನಿನ ಆಪರೇಷನ್ನಿಗೂ ಇದಕ್ಕೂ ಸಂಬಂಧವಿದೆಯೆಂದು ಊಹಿಸಿರುವುದಿಲ್ಲ. ಬೆನ್ನಿನ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ನಡೆಯುವುದು ಪೂರ್ಣ ಅರಿವಳಿಕೆಯಲ್ಲಿ, ಬೋರಲು ಮಲಗಿಸಿ. ಉಸಿರಿನ ಕೊಳವೆ ಬಾಯಿಯ ಮೂಲಕ ಇಳಿಯಬೇಕು. ಬೋರಲಾದ ಮೇಲೆ ಅದು ಸರಿದರೆ ಮತ್ತೆ ಹಾಕುವುದು ಬಲು ಕಷ್ಟ. ಬಾಯಿ ತೆರೆಯದವರಿಗೆ ಮೂಗಿನ ಮೂಲಕ, ಎಚ್ಚರವಿದ್ದಾಗಲೇ, ಬಾಗುವ ಅಂತರ್ದರ್ಶಕದ (ಎಂಡೋಸ್ಕೋಪ್) ನೆರವಿನಿಂದ ಕೊಳವೆ ಹಾಕಬೇಕಾಗಬಹುದು. ಆ ಉಪಕರಣ ಎಲ್ಲ ಊರಿನ ಆಸ್ಪತ್ರೆಯಲ್ಲಿ ಇರುವುದಿಲ್ಲ. ಮನೆಯಲ್ಲೇ ಒಂದು ಪರೀಕ್ಷೆ ಸಾಧ್ಯ: ತನ್ನದೇ ಮೂರು ಬೆರಳು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಬೇಕು. ತೂರದಿದ್ದರೆ ಮೊದಲ ಭೇಟಿಯಲ್ಲೇ ಅರಿವಳಿಕೆ ತಜ್ಞರಿಗೆ ಹೇಳಬೇಕು. ಕವಳವನ್ನು ಶಸ್ತ್ರಚಿಕಿತ್ಸೆಗೆ ಕನಿಷ್ಠ ನಾಲ್ಕು ವಾರ ಮೊದಲೇ ಬಿಡಬೇಕು. ಕೊಯ್ಲು ಮುಗಿಯಲೆಂದು ಕಾಯುವವನಿಗೆ ಆ ನಾಲ್ಕು ವಾರ ಪುಕ್ಕಟೆಯಾಗಿ ಸಿಕ್ಕಿರುತ್ತವೆ.

ನೋವಿನ ಗುಳಿಗೆಗಳದು ಇನ್ನೊಂದು ಕತೆ. ಅಂಗಡಿಯಲ್ಲಿ ಕೊಂಡ ಡೈಕ್ಲೊಫೆನಾಕ್ ವರ್ಷಾನುಗಟ್ಟಲೆ ನುಂಗಿದವರ ಹೊಟ್ಟೆಯ ಹುಣ್ಣು, ಮೂತ್ರಪಿಂಡದ ಸ್ಥಿತಿ ಶಸ್ತ್ರಚಿಕಿತ್ಸೆಗೆ ಮುಂಚೆ ತಿಳಿಯಬೇಕು. ಆಸ್ಪಿರಿನ್, ರಕ್ತ ತೆಳುವಾಗಿಸುವ ಮಾತ್ರೆ, ಹೆಸರಿಲ್ಲದ ಪುಡಿಗಳಲ್ಲಿ ಬೆರೆತಿರಬಹುದಾದ ಸ್ಟಿರಾಯ್ಡ್ ಇವನ್ನು ಮುಚ್ಚಿಟ್ಟವರೇ ಮೇಜಿನ ಮೇಲೆ ತೊಂದರೆಗೆ ಸಿಗುವುದು. ನಾಟಿ ಔಷಧ ತೆಗೆದುಕೊಂಡೆ ಎಂದರೆ ಬೈದಾರೆಂಬ ಅಂಜಿಕೆ ಇದಕ್ಕೆ ಕಾರಣ. ಬೈಯುವ ವೈದ್ಯರು ಇದರಲ್ಲಿ ಪಾಲುದಾರರು. ಟ್ರಮಡಾಲ್ ಜಾತಿಯ ಅಫೀಮು ಸಂಬಂಧಿ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿ ಬಂದವರಿಗೆ ಶಸ್ತ್ರಚಿಕಿತ್ಸೆಯ ನಂತರ ನೋವು ಹಿಡಿತಕ್ಕೆ ತರುವುದು ಕಷ್ಟ. ಮುಂಚೆಯೇ ವೈದ್ಯರ ನಿಗಾದಲ್ಲಿ ಪ್ರಮಾಣ ಇಳಿಸುವುದು ಲೇಸು. ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು, ರಕ್ತಹೀನತೆ ಸರಿಹೋಗಬೇಕು.

ಮನಸ್ಸಿನ ಸಿದ್ಧತೆಯ ಬಗ್ಗೆ ಒಂದು ಕುತೂಹಲದ ಸಾಕ್ಷ್ಯವಿದೆ. 2014ರಲ್ಲಿ ಏಡ್ರಿಯನ್ ಲೋ ಮತ್ತು ಸಂಗಡಿಗರು, ಸೊಂಟದ ನರದ ಶಸ್ತ್ರಚಿಕಿತ್ಸೆಗೆ ಸಿದ್ಧರಾದ 67 ಜನರಲ್ಲಿ ಒಂದು ಗುಂಪಿಗೆ ನೋವು ಎಂದರೇನು, ನರ ಯಾಕೆ ಚುರುಕಾಗುತ್ತದೆ, ಶಸ್ತ್ರಚಿಕಿತ್ಸೆಯ ಮೇಲೂ ಸ್ವಲ್ಪ ನೋವು ಉಳಿಯುವುದು ಯಾಕೆ ಎಂದು ಮೊದಲೇ ವಿವರಿಸಿದರು. ವರ್ಷದ ನಂತರ ನೋವಿನ ಅಂಕದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ. ಆದರೆ ವಿವರಣೆ ಕೇಳಿದವರು ತಮ್ಮ ಅನುಭವ ನಿರೀಕ್ಷೆಗೆ ತಕ್ಕಂತಿತ್ತೆಂದರು. ಅವರ ಚಿಕಿತ್ಸಾ ಖರ್ಚು ಶೇ. 45ರಷ್ಟು ಕಡಿಮೆಯಾಗಿತ್ತು. ಮಾತು ನೋವನ್ನು ಇಳಿಸಲಿಲ್ಲ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವುದನ್ನು ಇಳಿಸಿತು. ಘಟ್ಟದ ಊರಿಗೆ ಇದು ಸಣ್ಣ ಲಾಭವಲ್ಲ. ಒಂದು ವಾಕ್ಯ ಮಾತ್ರ ಹೇಳಲು ಸಮಯವಿದ್ದರೆ ವೈದ್ಯರು ಹೇಳಬೇಕಾದದ್ದು: ಒತ್ತಿದ ನರ ಬಿಡಿಸಿದರೆ ಕಾಲಿನ ನೋವು ಹೋಗುವ ಸಂಭವ ಹೆಚ್ಚು, ಸೊಂಟದ ನೋವು ಅಷ್ಟು ಖಚಿತವಾಗಿ ಹೋಗುವುದಿಲ್ಲ. ‘ಬೆನ್ನಿಗೆ ಕತ್ತಿ ಹಾಕಿಸಿದರೆ ಕಾಲು ಹೋಗುತ್ತದೆ’ ಎಂಬ ಊರ ನಂಬಿಕೆಗೂ ಅಂಗರಚನೆಯಲ್ಲೇ ಉತ್ತರವಿದೆ. ಬೆನ್ನುಹುರಿ ಸೊಂಟದ ಮೊದಲ ಎರಡು ಕಶೇರುಗಳ ಮಟ್ಟದಲ್ಲೇ ಮುಗಿಯುತ್ತದೆ. ಡಿಸ್ಕ್ ಹೆಚ್ಚಾಗಿ ಜಾರುವುದು ಅದಕ್ಕೂ ಕೆಳಗೆ, ಬಿಡಿ ನರಗಳಿರುವ ಕಡೆ. ಅಪಾಯ ಇಲ್ಲವೆಂದಲ್ಲ, ಆದರೆ ಎರಡೂ ಕಾಲು ಹೋಗುವ ಅಪಾಯ ತೀರ ವಿರಳ.

ಇನ್ನು ಮನೆ. ಬೆನ್ನುನೋವಿನ ಅಳತೆಗೆ ಜಗತ್ತಿನಾದ್ಯಂತ ಬಳಸುವ, 1980ರಲ್ಲಿ ಪ್ರಕಟವಾದ ಆಸ್ವೆಸ್ಟ್ರಿ ಪ್ರಶ್ನಾವಳಿ ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ ಎಂದು ಕೇಳುತ್ತದೆ. ಮಣೆಯ ಮೇಲೆ ಕೂತು ಉಣ್ಣಬಲ್ಲಿರಾ, ದಣಪೆ ದಾಟಬಲ್ಲಿರಾ, ಮಳೆಗಾಲದಲ್ಲಿ ಕಾಲುಸಂಕದ ಮೇಲೆ ನಡೆಯಬಲ್ಲಿರಾ ಎಂದು ಕೇಳುವುದಿಲ್ಲ. ಮತ್ತಿಘಟ್ಟದ ಕಡೆಯ ಮನೆಯೊಂದರಲ್ಲಿ ರೋಗಿಯ ದಿನ ಹೀಗೆ ಸಾಗುತ್ತದೆ: ಪಾಚಿಗಟ್ಟಿದ ಅಂಗಳ, ಎತ್ತರದ ಹೊಸಿಲು, ಕುಕ್ಕರುಗಾಲಿನ ಶೌಚ, ಜಾರುವ ಬಚ್ಚಲಲ್ಲಿ ಹಂಡೆಯಿಂದ ನೀರು ತೋಡಿಕೊಳ್ಳುವ ಬಾಗು. ಶಸ್ತ್ರಚಿಕಿತ್ಸೆಗೆ ಮೊದಲೇ ಕಮೋಡ್ ಕುರ್ಚಿ ತರಿಸುವುದು, ಹಂಡೆಯ ಬದಲು ಎತ್ತರದ ನಲ್ಲಿ, ಬಚ್ಚಲಿಗೆ ಹಿಡಿಕೆ, ಮೆತ್ತಿನ (ಮಹಡಿಯ) ಹಾಸಿಗೆಯನ್ನು ಕೆಳಗಿಳಿಸಿ ಮಂಚಕ್ಕೆ ತರುವುದು ಖರ್ಚಿನ ಬಾಬಲ್ಲ, ಯೋಚನೆಯ ಬಾಬು. ಮಗ್ಗುಲಾಗಿ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳುವುದನ್ನು ನೋವಿರುವಾಗಲೇ ಕಲಿತವರು ಆಪರೇಷನ್ನಿನ ಮರುದಿನ ಹೆದರುವುದಿಲ್ಲ. ದಿನಾ ಸಮತಟ್ಟಿನಲ್ಲಿ ನಡೆಯುವ ಅಭ್ಯಾಸವೂ ಮೊದಲೇ ಆಗಬೇಕು.

ಮನೆಯ ಹೆಂಗಸೇ ರೋಗಿಯಾದಾಗ ಈ ಯೋಚನೆ ಯಾರೂ ಮಾಡುವುದಿಲ್ಲ. ಗಂಡಸಿನ ಬೆನ್ನಿಗೆ ಆಳು ಸಿಗುತ್ತಾರೆ. ಅಡಿಗೆ ಮತ್ತು ಕೊಟ್ಟಿಗೆಗೆ ಸಿಗುವುದಿಲ್ಲ. ಭಾರದ ಕೆಲಸಕ್ಕೆ ಮರಳಲು ಡಿಸ್ಕ್ ಶಸ್ತ್ರಚಿಕಿತ್ಸೆಯ ನಂತರ ಎರಡು ಮೂರು ತಿಂಗಳು, ಕಶೇರು ಬೆಸೆದಿದ್ದರೆ ಇನ್ನೂ ಹೆಚ್ಚು ಕಾಲ ಬೇಕು. ಹಾಲು ಕರೆಯುವವರು ಯಾರೆಂದು ಮೊದಲೇ ಗೊತ್ತುಮಾಡದ ಮನೆಯಲ್ಲಿ ಅವಳು ಹದಿನೈದು ದಿನಕ್ಕೇ ಕೊಟ್ಟಿಗೆಗೆ ಇಳಿಯುತ್ತಾಳೆ.

ದಾರಿ ಮತ್ತು ದುಡ್ಡಿನ ಮಾತು ಚಿಕ್ಕದಲ್ಲ. ಶಿರಸಿಯಲ್ಲಿ ಸರ್ಕಾರದ ಪಂಡಿತ ಸಾರ್ವಜನಿಕ ಆಸ್ಪತ್ರೆಯಿದೆ, ಜಿಲ್ಲೆಯ ವೈದ್ಯಕೀಯ ಕಾಲೇಜು ಕಾರವಾರದಲ್ಲಿದೆ. ಕ್ಲಿಷ್ಟ ಶಸ್ತ್ರಚಿಕಿತ್ಸೆಗೆ ಜನ ಹೋಗುವುದು ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೆ, ಪಕ್ಕದ ಧಾರವಾಡಕ್ಕೆ, ಇಲ್ಲವೆ ಇನ್ನೂ ದೂರದ ಮಣಿಪಾಲಕ್ಕೆ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಮಗುಚಿ ನಾಲ್ವರು ಸತ್ತ ಮೇಲೆ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಮತ್ತೆ ಭುಗಿಲೆದ್ದಿತು. ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ, ಎ.ಪಿ.ಎಲ್. ಆದರೆ ಖರ್ಚಿನ ಶೇ. 30, ಗರಿಷ್ಠ ಒಂದೂವರೆ ಲಕ್ಷ. ಯೋಜಿತ ಶಸ್ತ್ರಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮೊದಲೇ ಬೇಕು. 2003ರಲ್ಲಿ ಹುಟ್ಟಿ 2018ರಲ್ಲಿ ನಿಂತು 2022-23ರಲ್ಲಿ ಮರಳಿದ ಯಶಸ್ವಿನಿ ಆರೋಗ್ಯ ಯೋಜನೆ ಸಹಕಾರಿ ಸಂಘಗಳ ಸದಸ್ಯರಿಗಾಗಿ ಇರುವುದು. ಅದಕ್ಕೆ ಪ್ರತಿ ವರ್ಷ ನಿಗದಿತ ಅವಧಿಯಲ್ಲಿ ಹಣ ಕಟ್ಟಬೇಕು. ನೋವು ತಾಳಲಾರದೆ ಹೊರಟ ದಿನ ಇವೆಲ್ಲ ನೆನಪಾದರೆ ಪ್ರಯೋಜನವಿಲ್ಲ.

1923ರಲ್ಲಿ ತೋಟಗಾರರ ಮಾರಾಟ ಸಂಘ ಕಟ್ಟಿದ ಸೀಮೆ ಇದು. ದೋಟಿ ತರಬೇತಿಗೆ ಶಿಬಿರ ನಡೆಸಲು ಸಾಧ್ಯವಾದ ಸಹಕಾರಿ ಸಂಘಗಳಿಗೆ, ಕೊಯ್ಲಿನ ಕಾಲದಲ್ಲಿ ಊರೂರಿಗೆ ಒಬ್ಬ ಫಿಸಿಯೋಥೆರಪಿಸ್ಟರನ್ನು ಕಳುಹಿಸುವುದು, ಬಾಯಿ ಎಷ್ಟು ತೆರೆಯುತ್ತದೆಂದು ನೋಡಿಸುವುದು, ಯಶಸ್ವಿನಿಯ ಕಂತು ಕಟ್ಟಿಸಿಕೊಳ್ಳುವುದು ಅಸಾಧ್ಯದ ಕೆಲಸಗಳಲ್ಲ. ಮುಂದಿನ ಹಂಗಾಮಿನಲ್ಲಿ ಯಾವುದಾದರೂ ಒಂದು ಸಂಘ ಮತ್ತಿಘಟ್ಟದಂಥ ಒಂದು ಊರಿನಲ್ಲಿ ಇದನ್ನು ಮಾಡಿ, ಲೆಕ್ಕವಿಟ್ಟು ಪ್ರಕಟಿಸಲಿ.