ಹಸುವೂ ಅಸುವೂ

ಹೋದ ತಿಂಗಳು ಚಿಂತಾಮಣಿಯಿಂದ ಅಕ್ಕ ಫೋನ್ ಮಾಡಿದ್ಲು. ನಾಲ್ಕು ವರ್ಷದ ಮಗನ ಕಿವಿ ಒಂದ್ಸಲ ತೋರಿಸಿ ಅಂತ ನರ್ಸರಿಯವರು ಹೇಳಿದ್ರಂತೆ. ಹಸುಗೆ ಅಸು, ಹಾಲಿಗೆ ಆಲು ಅಂತಾನೆ ಅನ್ನೋದು ದೂರು. "ನೀನೂ ಹಂಗೇ ಅಂತಿದ್ದೆ ಕಣೋ" ಅಂತ ನಕ್ಕಳು. ನನಗೆ ನಗು ಬರಲಿಲ್ಲ. ಇದೇ 'ಹ'ಕ್ಕೆ ನಾನು ಮೂರನೇ ಕ್ಲಾಸಲ್ಲಿ ಏಟು ತಿಂದಿದ್ದೆ. ನನಗೆ ಕೇಳಿಸ್ತಾ ಇಲ್ವಾ, ಇಲ್ಲ ಹೇಳೋಕೆ ಬರ್ತಾ ಇಲ್ವಾ ಅಂತ ಯಾರೂ ನೋಡಲಿಲ್ಲ.

ಇವೆರಡೂ ಬೇರೆ ಅನ್ನೋದಕ್ಕೆ ಒಂದು ಹಳೇ ಕತೆಯಿದೆ. 1960ರಲ್ಲಿ ಜೀನ್ ಬರ್ಕೊ ಮತ್ತು ರೋಜರ್ ಬ್ರೌನ್ ಒಂದು ಮಗುವಿನ ಬಗ್ಗೆ ಬರೆದರು. ಅದು ತನ್ನ ಆಟದ ಮೀನನ್ನು 'ಫಿಸ್' ಅಂತಿತ್ತು. ದೊಡ್ಡವರು 'ಫಿಸ್' ಅಂದರೆ ಒಪ್ಪುತ್ತಿರಲಿಲ್ಲ. 'ಫಿಶ್' ಅಂದಾಗಲೇ ಸಮಾಧಾನ. ನಾಲಿಗೆಗಿಂತ ಕಿವಿ ಮುಂದಿತ್ತು.

ಹಾಗಾದರೆ ಕಿವಿಯನ್ನಷ್ಟೇ ಪರೀಕ್ಷಿಸೋದು ಹೇಗೆ? 1958ರಲ್ಲಿ ಜೋಸೆಫ್ ವೆಪ್‌ಮನ್ ಜೋಡಿ ಪದ ಹೇಳಿ, ಎರಡೂ ಒಂದೇನಾ ಬೇರೇನಾ ಅಂತ ಕೇಳುವ ಪರೀಕ್ಷೆ ಮಾಡಿದರು. ತೀರಾ ಚಿಕ್ಕವರಿಗೆ 'ಒಂದೇ', 'ಬೇರೆ' ಅನ್ನೋ ಪ್ರಶ್ನೆಯೇ ಕಷ್ಟ. ಅದಕ್ಕೇ ಚಿತ್ರಗಳು ಬಂದವು: ಪದ ಕೇಳು, ಚಿತ್ರ ತೋರಿಸು. 1970ರ ಗೋಲ್ಡ್‌ಮನ್-ಫ್ರಿಸ್ಟೋ-ವುಡ್‌ಕಾಕ್ ಪರೀಕ್ಷೆ ಇಂಥದ್ದೇ.

ಇದನ್ನು ಕನ್ನಡಕ್ಕೆ ಅನುವಾದಿಸಿದರೆ ಆಗಲ್ಲ. ಇಂಗ್ಲಿಷಿಗೆ ಬಲೆ-ಬಳೆ, ಮನೆ-ಮಣೆ ಗೊತ್ತಿಲ್ಲ. 1965ರಲ್ಲಿ ಮೈಸೂರಿನಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ 1972ರಲ್ಲಿ ಕನ್ನಡದ್ದೇ ಉಚ್ಚಾರಣಾ ಪರೀಕ್ಷೆ ಬಂತು. ಬಾಬು, ರತ್ನ, ಬೆಟ್ಟಗೇರಿ ಅದನ್ನು ರೂಪಿಸಿದರು. ಕನ್ನಡ ಮಕ್ಕಳಿಗಾಗಿ ಚಿತ್ರ ತೋರಿಸಿ ಕೇಳುವಿಕೆ ಅಳೆಯುವ ಕೆಲಸವೂ ಆಮೇಲೆ ಅಲ್ಲೇ ನಡೆಯಿತು.

ಪದ ಆರಿಸೋದೂ ಸುಲಭವಲ್ಲ. ಹಾಡು-ಆಡು ಒಳ್ಳೇ ಜೋಡಿ. ಆದರೆ ನಮ್ಮ ಕಡೆ ಮಗುವಿಗೆ ಆಡಿನ ಚಿತ್ರ ತೋರಿಸಿದರೆ 'ಮೇಕೆ' ಅನ್ನುತ್ತೆ. ಫ್ಲ್ಯಾಟಿನ ಮಗು ಮಣೆಯನ್ನೇ ನೋಡಿರಲ್ಲ. ಆಫೀಸಲ್ಲಿ ಟೆಸ್ಟ್ ಫೇಲ್ ಆದರೆ ಕೋಡಿನ ಜೊತೆ ಟೆಸ್ಟನ್ನೂ ಅನುಮಾನಿಸ್ತೀವಿ. ಮಗುವಿಗೂ ಅಷ್ಟು ನ್ಯಾಯ ಬೇಡವೇ?

ಇನ್ನೊಂದು ವಿಷಯ. ಜಾನೆಟ್ ವೆರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ತೋರಿಸಿದ ಹಾಗೆ, ಇಂಗ್ಲಿಷ್ ಮನೆಯ 6-8 ತಿಂಗಳ ಕೂಸುಗಳು ಹಿಂದಿಯ ತ-ಟ ವ್ಯತ್ಯಾಸ ಹಿಡಿಯುತ್ತಿದ್ದವು. ವರ್ಷ ತುಂಬೋ ಹೊತ್ತಿಗೆ ಆ ಶಕ್ತಿ ಬಹುಪಾಲು ಇಳಿದಿತ್ತು. ಕಿವಿ ಮನೆಮಾತಿಗೆ ಹೊಂದಿಕೊಳ್ಳುತ್ತೆ. 'ಹ' ಬಿಟ್ಟು ಮಾತಾಡೋ ಊರಲ್ಲಿ ಬೆಳೆದದ್ದು ಕಾಯಿಲೆಯಲ್ಲ, ದಡ್ಡತನವಂತೂ ಅಲ್ಲವೇ ಅಲ್ಲ.

ಹಾಗಂತ ಸುಮ್ಮನಿರೋ ಹಾಗೂ ಇಲ್ಲ. ಕಿವುಡು ತಡವಾಗಿ ಗೊತ್ತಾದಷ್ಟೂ ಮಾತಿಗೆ ಪೆಟ್ಟು. "ಕಿವಿ ಪರೀಕ್ಷೆ ಮಾಡಿಸೇ ಬಿಡು ಅಕ್ಕ, ಆದ್ರೆ ಬಯ್ಬೇಡ" ಅಂದೆ. ಆಮೇಲೆ ವಿಡಿಯೋ ಕಾಲಲ್ಲಿ ಅಳಿಯನನ್ನ ಕೇಳಿದೆ, "ನಿಮ್ಮ ಅಸು ಎಲ್ಲೋ?"

ಅವನು ಹುಬ್ಬು ಗಂಟಿಕ್ಕಿದ. "ಅಸು ಅಲ್ಲ ಮಾಮ, ಅಸು!"