ಹಿಮ ಕಾಣದ ಸೀಮೆಯ ಹಿಮಚಿಂತೆ

ಶೀತದೇಶಗಳಲ್ಲಿ ಹಳೆಯ ಹಿಮಗಾಲಗಳನ್ನು ನೆನೆದು, ಅಂಥದೇ ಮತ್ತೊಂದು ಬರಲೆಂದು ಹಾರೈಸುವವರಿದ್ದಾರೆ. ನಮ್ಮ ಆದವಾನಿ ಸೀಮೆಯವರು ಹಿಮವನ್ನು ಕಂಡವರಲ್ಲ. ನಮ್ಮ ನೆನಪೂ ಹಾರೈಕೆಯೂ ಮಳೆಯದು. ಆದರೂ ದೂರದ ಹಿಮಕ್ಕೂ ನಮ್ಮ ಎರೆಹೊಲಕ್ಕೂ ನಂಟುಂಟೆಂದು ಒಂದು ಕ್ಷಾಮವು ವಿದ್ವಾಂಸರನ್ನು ಯೋಚಿಸುವಂತೆ ಮಾಡಿತು.

ಅದು ಧಾತು, ಈಶ್ವರ ಸಂವತ್ಸರಗಳ ಬರ. 1876ರಲ್ಲಿ ಮುಂಗಾರು ಕೈಕೊಟ್ಟಿತು, ಹಿಂಗಾರೂ ಬರಲಿಲ್ಲ. ಅಂದು ಆದವಾನಿ, ಆಲೂರು ತಾಲ್ಲೂಕುಗಳು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲ್ ಅವರ ಸಲಹೆಯಂತೆ ಪರಿಹಾರ ಕಾಮಗಾರಿಯ ದಿನಗೂಲಿ ಒಂದು ಪೌಂಡ್ ಧಾನ್ಯ ಹಾಗೂ ಅಲ್ಪ ಹಣದ ಮಟ್ಟಕ್ಕೆ ಇಳಿಯಿತು. ದುಡಿಯುವ ಮೈಗೆ ಅದು ಸಾಲದೆಂದು ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಷ್ ಪಟ್ಟುಹಿಡಿದರು. ಕೆಲವೇ ತಿಂಗಳಲ್ಲಿ ಕೂಲಿಯನ್ನು ಏರಿಸಬೇಕಾಯಿತು.

ಮಳೆಯನ್ನು ಮೊದಲೇ ಅರಿಯಬಹುದೇ ಎಂಬ ಪ್ರಶ್ನೆಗೆ ಆಗ ತೀವ್ರತೆ ಬಂದಿತು. 1875ರಲ್ಲಿ ಸ್ಥಾಪನೆಗೊಂಡ ಭಾರತ ಹವಾಮಾನ ಇಲಾಖೆಯ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್, ಹಿಮಾಲಯದಲ್ಲಿ ಹಿಮ ಹೆಚ್ಚಾದ ವರ್ಷ ಮುಂಗಾರು ಕುಂದುವುದೆಂದು 1884ರಲ್ಲಿ ಪ್ರತಿಪಾದಿಸಿದರು. ಹಿಮವು ಬಿಸಿಲನ್ನು ಹಿಂದಕ್ಕೆ ಚೆಲ್ಲುತ್ತದೆ; ಕರಗಲು ಶಾಖವನ್ನು ಹೀರುತ್ತದೆ; ನೆಲ ಕಾಯದಿದ್ದರೆ ಮಳೆಗಾಳಿಯ ಸೆಳೆತ ತಗ್ಗುತ್ತದೆ. 1886ರಿಂದ ಮುನ್ಸೂಚನೆಗಳು ಕ್ರಮವಾಗಿ ಹೊರಟವು. ಆದರೆ 1899ರಲ್ಲಿ ಒಳ್ಳೆಯ ಮಳೆಯೆಂದು ಹೇಳಿದ್ದು ಘೋರ ಬರವಾಯಿತು. ಪೆಸಿಫಿಕ್ ಸಾಗರದ ಎಲ್ ನಿನೋ ಕೂಡ ನಮ್ಮ ಮೋಡಗಳನ್ನು ತಡೆಯಬಲ್ಲದೆಂಬುದು ಬಹುಕಾಲದ ಅನಂತರ ತಿಳಿಯಿತು.

1953ರ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಬಳ್ಳಾರಿಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದವು. ತುಂಗಭದ್ರೆಯ ಕಾಲುವೆ ಕೆಲವು ಹೊಲಗಳಿಗೆ ಬಂದಿತು. ಉಳಿದವು ಇಂದಿಗೂ ಮುಗಿಲನ್ನೇ ನೋಡುತ್ತವೆ. 2009ರ ಅಕ್ಟೋಬರಿನಲ್ಲಿ ಅದೇ ತುಂಗಭದ್ರೆ ಉಕ್ಕಿ ಮಂತ್ರಾಲಯವನ್ನು ಮುಳುಗಿಸಿತು. ಆದುದರಿಂದ ಹೆಚ್ಚು ಮಳೆ ಬರಲೆಂದು ಹಾರೈಸಿದರೆ ಸಾಲದು. ಹದವಾದ ಮಳೆಯಾಗಬೇಕು, ಬಿದ್ದ ನೀರು ಕೆರೆಯಲ್ಲಿ ನಿಲ್ಲಬೇಕು.

ಮುಖ್ಯೋಪಾಧ್ಯಾಯನಾಗಿದ್ದಾಗ ನನ್ನ ಮಳೆಮಾಪಕವು ಹಾಜರಿ ಪುಸ್ತಕವೇ ಆಗಿತ್ತು. ಮಳೆ ತಪ್ಪಿದ ವರ್ಷ ಮಕ್ಕಳು ತಂದೆತಾಯಿಯರೊಡನೆ ಗುಂಟೂರಿನ ಕಡೆಗೆ ಮೆಣಸಿನಕಾಯಿ ಬಿಡಿಸಲು ಹೊರಡುತ್ತಿದ್ದರು. ಹೆಸರುಗಳ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿ. ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ನೀವು ಕಂಡ ಮಳೆ, ಬರ, ಕೆರೆಗಳ ವಿವರವನ್ನು ವರ್ಷಸಹಿತ ಬರೆದಿಡಿ. ಆ ಪುಸ್ತಕದ ಎಲ್ಲ ಹೆಸರುಗಳ ಮುಂದೆಯೂ ಹಾಜರಿ ಬೀಳುವಂಥ ಮಳೆಗಾಲವೊಂದು ಬರಲಿ.